ನೀವು ನಿಂತ್ರೆ ಅದು ಬರೂದಿಲ್ಲ

ಅಡಿಕೆ ಕೊಯ್ಲು ಮುಗಿಯುವ ತನಕ ಕಾದು, ಚಾಲಿ (ಒಣಗಿಸಿದ ಅಡಿಕೆ) ಸುಲಿಸುವ ಕೆಲಸವನ್ನು ಅಪ್ಪಯ್ಯನ ತಲೆಗೆ ಕಟ್ಟಿ, ಮಾರ್ಚ್ ಮೊದಲ ವಾರ ನಾನೂ ಭಾವನೂ ಸಿರ್ಸಿಯಿಂದ ಕಾರವಾರದ ಕಡೆ ಹೊರಟೆವು. ನಾಲ್ಕು ದಿನ. ಕಾರಣ ಒಂದೇ, ಬಿಳಿಹೊಟ್ಟೆಯ ಕಡಲ ಹದ್ದಿನ ಮರಿ.

ದೊಡ್ಡ ಹಕ್ಕಿಯ ಫೋಟೋ ನನ್ನ ಹತ್ತಿರ ಬೇಕಾದಷ್ಟಿದೆ. ಬಿಳಿ ತಲೆ, ಬಿಳಿ ಹೊಟ್ಟೆ, ಬೂದು ಬೆನ್ನು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 2 ಮೀಟರ್. ಎಷ್ಟೇ ಎತ್ತರದಲ್ಲಿದ್ದರೂ ಗುರುತು ಸಿಗುತ್ತದೆ, ಯಾಕೆಂದರೆ ಬಾಲ ಮೋಟು, ತೇಲುವಾಗ ರೆಕ್ಕೆ ಎರಡನ್ನೂ ಮೇಲಕ್ಕೆತ್ತಿಯೇ ಹಿಡಿದಿರುತ್ತದೆ. ಆದರೆ ಮರಿಗೆ ಈ ಬಿಳಿ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೂ ಅದು ಕಂದು, ಮಾಸಲು, ಒಂಥರಾ ಹಳೇ ಗೋಣಿಚೀಲದ ಬಣ್ಣ. ಫೋಟೋದವರು ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಳೇ ಹಾರ್ಡ್ ಡಿಸ್ಕ್ ತೆಗೆದು ಹುಡುಕಿದರೆ ಎಂಟು ವರ್ಷದಲ್ಲಿ ಮರಿಯದ್ದು ಮೂರೇ ಮೂರು ಫೋಟೋ, ಮೂರೂ ಬೇರೆ ಏನನ್ನೋ ತೆಗೆಯುವಾಗ ಅಡ್ಡ ಬಂದದ್ದು.

ಭಾವನಿಗೆ ಹಕ್ಕಿಯ ಹುಚ್ಚಿಲ್ಲ. ಅವನು ಬಂದಿದ್ದು ಕಾರು ಹೊಡೆಯಲಿಕ್ಕೆ ಮತ್ತು ಸಮುದ್ರ ಸ್ನಾನಕ್ಕೆ. ಹೊರಡುವಾಗಲೇ ಹೇಳಿದ್ದ, "ಹಕ್ಕಿ ಬಂದ್ರೆ ಅಡ್ಡಿಲ್ಲೆ, ಬರದಿದ್ರೂ ಅಡ್ಡಿಲ್ಲೆ."

ಮೊದಲ ದಿನ, ಗುರುವಾರ

ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ. ಹಾಗಾಗಿ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲಾ. ಘಟ್ಟದಲ್ಲಿ ಲಾರಿಗಳ ಸಾಲು. ಒಂದು ತಿರುವಿನಲ್ಲಿ ನಿಂತಾಗ ಮೇಲೆ ಹಾವು ಹದ್ದು ಕೂಗುತ್ತಾ ಸುತ್ತು ಹಾಕುತ್ತಿತ್ತು, ಕ್ಯಾಮೆರಾ ತೆಗೆಯುವಷ್ಟರಲ್ಲಿ ಮುಂದಿನ ಲಾರಿ ಹೊರಟಿತು, ಹಿಂದಿನವನು ಹಾರ್ನ್ ಹೊಡೆದ. ಹೋಗಲಿ ಬಿಡಿ.

ಅಂಕೋಲಾಕ್ಕೆ ಇಳಿದ ಕೂಡಲೇ ಶೆಕೆ ಅಂದರೆ ಶೆಕೆ. ಘಟ್ಟದ ಮೇಲಿನವರಿಗೆ ಮಾರ್ಚಿನ ಕರಾವಳಿ ಅಂದರೆ ಬಚ್ಚಲ ಒಲೆಯ ಮುಂದೆ ಕೂತ ಹಾಗೆ. ಹೆದ್ದಾರಿಯಲ್ಲಿ ಕಾರವಾರಕ್ಕೆ ಹೋಗುವಾಗ ಅಮದಳ್ಳಿ, ಅರಗಾ ದಾಟುವ ತನಕ ಲೆನ್ಸನ್ನು ಬ್ಯಾಗಿನೊಳಗೇ ಇಟ್ಟುಕೊಳ್ಳಿ. ಅದು ನೌಕಾನೆಲೆಯ ಪ್ರದೇಶ, ಫೋಟೋ ತೆಗೆಯಬಾರದು ಎಂದು ಬೋರ್ಡಿದೆ. ಮೊಳದುದ್ದದ ಲೆನ್ಸ್ ಮಡಿಲಲ್ಲಿಟ್ಟುಕೊಂಡು "ಹಕ್ಕಿ ಸಾರ್" ಅಂದರೆ ನಂಬುವ ಮುಖ ನನ್ನದಲ್ಲ. ಹಿಂದೊಮ್ಮೆ ಬೇರೆ ಕಡೆ ಅರ್ಧ ದಿನ ಕೂರಿಸಿಕೊಂಡು ಮೆಮೊರಿ ಕಾರ್ಡಿನಲ್ಲಿದ್ದ ನಾನೂರು ಫೋಟೋ ಒಂದೊಂದಾಗಿ ನೋಡಿದ್ದರು. ಎಲ್ಲ ಕೊಕ್ಕರೆ. ನೋಡಿ ನೋಡಿ ಅವರಿಗೇ ಸಾಕಾಗಿತ್ತು.

ಸಂಜೆ ಬೈತಖೋಲದ ಮೀನುಗಾರಿಕೆ ಬಂದರು. ಕಡಲ ಹದ್ದು ನಾಳೆಗೆ, ಇವತ್ತು ಗರುಡ. ಮರಿ ಗರುಡ ನೋಡಬೇಕು ಅಂದರೆ ಇದಕ್ಕಿಂತ ಸುಲಭದ ಜಾಗ ಬೇರೆ ಬೇಡ. ಬೋಟಿನಿಂದ ಬಾಂಗಡೆ ಇಳಿಸುತ್ತಿದ್ದಾರೆ, ಐಸು ಒಡೆಯುತ್ತಿದ್ದಾರೆ, ಮೇಲೆ ಐವತ್ತು ಅರವತ್ತು ಗರುಡ, ನಡುವೆ ಕರಿ ಹದ್ದು, ಕೆಳಗೆ ಕಾಗೆ, ಬೆಳ್ಳಕ್ಕಿ. ಭಾವ ಕರ್ಚೀಫು ಮೂಗಿಗೆ ಹಿಡಿದುಕೊಂಡು ಕಾರಿನ ಪಕ್ಕ ನಿಂತ. ಹವ್ಯಕರ ಮನೆಯ ಗಂಡಸು, ಅವನ ತಪ್ಪಲ್ಲ.

"ಎಲ್ಲಿದ್ದೋ ಮರಿ? ಎಲ್ಲ ಗರುಡನೇ ಕಾಣ್ತು."

"ಆ ಕಂದು ಬಣ್ಣದ್ದು ನೋಡು."

"ಅದು ಹದ್ದಲ್ದನಾ?"

ಎಲ್ಲರೂ ಇಲ್ಲೇ ಮೋಸ ಹೋಗುವುದು. ಗರುಡ ಅಂದರೆ ನಮಗೆ ಇಟ್ಟಿಗೆ ಕೆಂಪು ಮೈ, ಬಿಳಿ ತಲೆ, ಬಿಳಿ ಎದೆ. ಮರಿ ಗರುಡ ಹಾಗಿರುವುದಿಲ್ಲ, ಕರಿ ಹದ್ದಿನ ಹಾಗೇ ಕಂದು. ಬಾಲ ನೋಡಬೇಕು. ಕರಿ ಹದ್ದಿನ ಬಾಲದ ತುದಿ ನಡುವೆ ಕಚ್ಚು ಹಾಕಿದಂತೆ ಒಳಗೆ ಹೋಗಿರುತ್ತದೆ, ಗರುಡನದ್ದು ಬೀಸಣಿಗೆಯಂತೆ ದುಂಡಗೆ. ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಭಾವನೇ ಹತ್ತು ನಿಮಿಷದಲ್ಲಿ "ದುಂಡು, ಕಚ್ಚು, ಕಚ್ಚು, ದುಂಡು" ಅಂತ ಲೆಕ್ಕ ಶುರು ಮಾಡಿದ.

ಒಂದು ಮರಿ ಬೋಟಿನ ಕಂಬದ ತುದಿಯಲ್ಲಿ ಕೂತು ಯಾರೋ ಎಸೆದ ಮೀನಿನ ಕರುಳಿಗೆ ಇಳಿಯಬೇಕೋ ಬೇಡವೋ ಅಂತ ಐದು ನಿಮಿಷ ಕತ್ತು ಕೊಂಕಿಸಿ ನೋಡಿತು. ಇಳಿಯುವ ಹೊತ್ತಿಗೆ ಕಾಗೆ ಒಯ್ದಿತ್ತು. ವಾಪಸ್ ಕಂಬ. ಮತ್ತೆ ಕೊಂಕು. ಬೆಳಕು ಹೋಗುವ ತನಕ ಅದಕ್ಕೆ ಏನೂ ಸಿಗಲಿಲ್ಲ, ನನಗೂ ಅಷ್ಟೆ.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆಯೇ ದಡ್ಡತನ. ರಾತ್ರಿ ಶೆಕೆ ಅಂತ ಲಾಡ್ಜಿನಲ್ಲಿ ಎಸಿ ಹಾಕಿ ಮಲಗಿದ್ದೆವು, ಕ್ಯಾಮೆರಾನೂ ಅದೇ ರೂಮಿನಲ್ಲಿ. ಆರು ಗಂಟೆಗೆ ಹೊರಗೆ ತಂದರೆ ತಣ್ಣಗಿದ್ದ ಗಾಜಿನ ಮೇಲೆ ಸಮುದ್ರದ ಹಸಿ ಗಾಳಿ ಕೂತು ಲೆನ್ಸಿಗೆ ಲೆನ್ಸೇ ಮಂಜು. ಒರೆಸಿದರೆ ಮತ್ತೆ ಬರುತ್ತದೆ. ಸುಮ್ನೆ ಕಾಯಬೇಕು, ಬೇರೆ ದಾರಿ ಇಲ್ಲ. ಇಪ್ಪತ್ತೈದು ನಿಮಿಷ ಹೋಯಿತು. ಕರಾವಳಿಯಲ್ಲಿ ಕ್ಯಾಮೆರಾ ಬ್ಯಾಗನ್ನು ರಾತ್ರಿ ಎಸಿ ಇಲ್ಲದ ಕಡೆ ಇಡಬೇಕು ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ.

ಹೋಗಬೇಕಾದ ಜಾಗ ಕಾರವಾರಕ್ಕೂ ಅಂಕೋಲಾಕ್ಕೂ ನಡುವೆ ಎಲ್ಲೋ ಇದೆ ಅಂತ ಇಟ್ಟುಕೊಳ್ಳಿ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಕೇಳಬೇಡಿ. ಚಿಕ್ಕ ಸಮುದ್ರ ದಂಡೆ, ಹಿಂದೆ ಕಲ್ಲು ಗುಡ್ಡ, ಗುಡ್ಡದ ಬುಡದಲ್ಲಿ ಒಂದೇ ಮನೆ, ಮನೆಯ ಸುತ್ತ ತೆಂಗು, ಮಾವು. ಯಜಮಾನರದ್ದು ಬೀಸುಬಲೆ, ಒಂದು ಪಾತಿ ದೋಣಿ. ಎರಡು ವರ್ಷದ ಹಿಂದೆ ಚಾ ಅಂಗಡಿಯಲ್ಲಿ ಪರಿಚಯ ಆದವರು. ಗುಡ್ಡದ ಇಳಿಜಾರಿನಲ್ಲಿ ಎತ್ತರದ ಮರ, ಅದರ ಕವಲಿನಲ್ಲಿ ಕಟ್ಟಿಗೆಯ ರಾಶಿ. ದೂರದಿಂದ ನೋಡಿದರೆ ಯಾರೋ ಸೌದೆ ಹೊರೆ ಎತ್ತಿ ಮರದ ಮೇಲಿಟ್ಟ ಹಾಗಿದೆ. ಪ್ರತಿ ವರ್ಷ ಅದೇ ಗೂಡು, ಪ್ರತಿ ವರ್ಷ ಮೇಲೆ ಇನ್ನಷ್ಟು ಕಟ್ಟಿಗೆ. ಯಜಮಾನರು ಅದನ್ನು "ದೊಡ್ಡ ಗರುಡನ ಗೂಡು" ಅನ್ನುತ್ತಾರೆ. ಅವರ ಅಪ್ಪ ಇರುವಾಗಲೂ ಇತ್ತಂತೆ.

ನಮ್ಮ ಕಡೆ ಈ ಹಕ್ಕಿ ಮಳೆಗಾಲ ಮುಗಿದ ಮೇಲೆ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಎರಡು. ಕಾವು ಸುಮಾರು ಆರು ವಾರ, ಆಮೇಲೆ ಮರಿ ಗೂಡಿನಲ್ಲಿ ಹತ್ತು ಹನ್ನೊಂದು ವಾರ. ಈ ಲೆಕ್ಕ ಹಿಡಿದೇ ನಾನು ಮಾರ್ಚಿಗೆ ಬಂದದ್ದು, ಮರಿ ಹಾರುವ ಅಂಚಿನಲ್ಲಿರಬೇಕು ಅಂತ. ಲೆಕ್ಕ ಸರಿಯಾಗಿತ್ತು. ಮನೆಯ ಅಂಗಳದಿಂದಲೇ ಕಂಡಿತು, ಗೂಡಿನ ಅಂಚಿನಲ್ಲಿ ಒಂದು ಕಂದು ತಲೆ. ಎರಡನೆಯದು ಇರಲಿಲ್ಲ. ಎರಡು ಮೊಟ್ಟೆ ಇಟ್ಟರೂ ಹಲವು ಸಲ ಉಳಿಯುವುದು ಒಂದೇ.

ಅಂಗಳದಿಂದ ಗೂಡು ಎಷ್ಟು ದೂರ? ಇನ್ನೂರೈವತ್ತು ಮೀಟರ್ ಇರಬಹುದು. ನನ್ನದು ನಿಕಾನ್ ಡಿ500, 200–500 ಲೆನ್ಸ್. ಅಷ್ಟು ದೂರಕ್ಕೆ ಆ ಹಕ್ಕಿ ಫ್ರೇಮಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು. ಮನಸ್ಸು ಒಪ್ಪಲಿಲ್ಲ. ಗುಡ್ಡದ ಮೇಲೆ ಒಂದು ಬಂಡೆ ಕಾಣುತ್ತಿತ್ತು, ಸರಿಯಾಗಿ ಗೂಡಿನ ಮಟ್ಟಕ್ಕೆ, ಗೂಡಿಗೆ ಅರವತ್ತು ಮೀಟರ್ ಒಳಗೆ. ನೀವೇ ಹೇಳಿ, ಕೈಯಲ್ಲಿ ಕ್ಯಾಮೆರಾ ಇದ್ದವನಿಗೆ ಅಂಥ ಬಂಡೆ ಕಂಡರೆ ಏನಾಗುತ್ತದೆ? ಯಜಮಾನರು ಬಲೆ ತೆಗೆಯಲು ಹೋಗಿದ್ದರು. ಕೇಳುವವರಿಲ್ಲ. ಹತ್ತಿದೆ.

ಬಂಡೆಯ ಹಿಂದೆ ಕೂತು, ಲೆನ್ಸ್ ಊರಲು ಬೀನ್‌ಬ್ಯಾಗ್ ಇಟ್ಟು (ನನ್ನ ಬೀನ್‌ಬ್ಯಾಗಿನಲ್ಲಿರುವುದು ಚಾಲಿ ಅಡಿಕೆ, ಅಪ್ಪಯ್ಯನಿಗೆ ಗೊತ್ತಿಲ್ಲ), ಮೇಲೆ ಹಸಿರು ಬಲೆ ಹೊದ್ದುಕೊಂಡೆ. ಮರಿ ಹಿಂದಿನ ಆಕಾಶ ಬೆಳ್ಳಗೆ, ಮರಿ ಕಂದು, ಹಾಗಾಗಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲೆ, ಅಂದರೆ ಬೆಳಕು ಎರಡರಷ್ಟು. ಫೋಕಸ್ ಕಣ್ಣಿಗೆ ಕೂತಿತು. ಅಬ್ಬಾ ಏನು ನೋಟ! ಮರಿ ನೆಟ್ಟಗೆ ಲೆನ್ಸಿನೊಳಗೇ ನೋಡುತ್ತಿತ್ತು. ತಲೆಯ ಗರಿ ನಿಮಿರಿ, ಕೊಕ್ಕು ಸ್ವಲ್ಪ ತೆರೆದು. ಒಂದು ಗರಿಯೂ ಅಲ್ಲಾಡುತ್ತಿಲ್ಲ. ಸೆಕೆಂಡಿಗೆ ಹತ್ತು ಫ್ರೇಮಿನ ಲೆಕ್ಕದಲ್ಲಿ ಒಂದಷ್ಟು ನೂರು ಹೊಡೆದೆ. ಮನಸ್ಸಿನಲ್ಲಿ ಆಗಲೇ ಫ್ರೇಮು ಹಾಕಿಸಿ ಗೋಡೆಗೆ ತೂಗಿಯೂ ಆಗಿತ್ತು.

ಎಂಟು ಗಂಟೆಗೆ ತಾಯಿಯೋ ತಂದೆಯೋ ಒಂದು ಬಂತು, ಕಾಲಿನಲ್ಲಿ ಮೀನು. ಗೂಡಿನ ಮೇಲೆ ಒಂದು ಸುತ್ತು. ಎರಡು ಸುತ್ತು. ಬಾತುಕೋಳಿ ಕೂಗಿದ ಹಾಗೆ ಒರಟು ದನಿ, ಕಾಂಕ್ ಕಾಂಕ್ ಕಾಂಕ್. ಇಳಿಯಲಿಲ್ಲ. ದಂಡೆಯ ಆಚೆ ತುದಿಯ ಗಾಳಿಮರಕ್ಕೆ ಹೋಗಿ ಮೀನು ಹಿಡಿದುಕೊಂಡೇ ಕೂತಿತು. ಈಗ ಬರುತ್ತದೆ, ಈಗ ಬರುತ್ತದೆ ಅಂತ ನಾನು ಕಾದೆ. ಎಂಟೂಮುಕ್ಕಾಲಾಯಿತು. ಬಿಸಿಲು ಗೂಡಿನ ಮೇಲೆ ನೇರ ಬೀಳತೊಡಗಿತು. ಮರಿ ಬಾಯಿ ಕಳೆದು ತೇಕುತ್ತಿತ್ತು. ಎರಡು ಕಾಗೆ ಬಂದು ಪಕ್ಕದ ಟೊಂಗೆಯಲ್ಲಿ ಕೂತವು.

ಒಂಬತ್ತರ ಸುಮಾರಿಗೆ ಕೆಳಗಿನಿಂದ ಯಜಮಾನರ ದನಿ.

"ಸಾರ್, ಎಂತ ಮಾಡ್ತಾ ಇದ್ದೀರಿ ಅಲ್ಲಿ? ನೀವು ನಿಂತ್ರೆ ಅದು ಬರೂದಿಲ್ಲ!"

ಬೈಯಲಿಲ್ಲ. ದೋಣಿ ಎಳೆಯುವಾಗ ಕಲ್ಲು ಅಡ್ಡ ಇದ್ದರೆ ಹೇಳುತ್ತಾರಲ್ಲ, ಹಾಗೆ ಹೇಳಿದರು, ಅಷ್ಟೇ. ಇಳಿದೆ. ಕಾಲು ನಡುಗುತ್ತಿತ್ತು, ಇಳಿಜಾರಿಗೋ ನಾಚಿಕೆಗೋ ಗೊತ್ತಿಲ್ಲ. ಅಂಗಳಕ್ಕೆ ಬಂದು ಹಿಂತಿರುಗಿ ನೋಡಿದರೆ ಹದ್ದು ಇನ್ನೂ ಗಾಳಿಮರದಲ್ಲೇ. ಇಪ್ಪತ್ತು ನಿಮಿಷ ಬಿಟ್ಟು ಎದ್ದು ನೇರ ಗೂಡಿಗೆ ಬಂತು, ಮೀನು ಹಾಕಿತು, ಹೋಯಿತು. ಇಷ್ಟಕ್ಕೆ ಅದು ಒಂದೂಕಾಲು ಗಂಟೆ ಕಾದಿತ್ತು.

ಮಧ್ಯಾಹ್ನ ಲಾಡ್ಜಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದೆ. ತಾಂತ್ರಿಕವಾಗಿ ಒಂದು ತಪ್ಪಿಲ್ಲ. ಕಣ್ಣಿನಲ್ಲಿ ಆಕಾಶದ ಬೆಳಕು, ಗರಿಯ ಅಂಚು ಅಂಚೂ ಕಾಣುತ್ತದೆ. ಆದರೆ ಬಂಡೆಯ ಮೇಲೆ ಕೂತಾಗ ‘ನೋಟ’ ಅಂತ ಅನ್ನಿಸಿದ್ದು ನೋಟ ಅಲ್ಲ. ಮೈ ಗೂಡಿಗೆ ಒತ್ತಿಕೊಂಡು ಚಪ್ಪಟೆಯಾಗಿದೆ. ಕತ್ತು ಒಳಗೆ. ನಮ್ಮ ಮನೆಯ ಕರು ಮೊದಲ ಸಲ ಡಾಕ್ಟರನ್ನು ನೋಡಿದಾಗ ಹೀಗೇ ನಿಂತಿತ್ತು, ಒಂದು ಕೂದಲು ಅಲ್ಲಾಡಿಸದೆ. ಬೇಟೆ ಹಕ್ಕಿಗಳ ಮರಿಗಳದ್ದು ಅಂತ ಜನ ಹೊಗಳುವ ಎಷ್ಟೋ ಫೋಟೋ ಹೀಗೇ ಇರುತ್ತವೆ, ಈಗ ಒಂದೊಂದಾಗಿ ನೆನಪಾಗುತ್ತಿವೆ. ‘ಎಂಥಾ ಗತ್ತು’ ಅಂತ ನಾನೇ ಎಷ್ಟು ಕಡೆ ಬರೆದಿದ್ದೇನೋ.

ಕಾನೂನಿನ ಮಾತೂ ಇದೆ. ಈ ಹಕ್ಕಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ. ಆದರೆ ಅವತ್ತು ನನ್ನನ್ನು ಬಂಡೆಯಿಂದ ಇಳಿಸಿದ್ದು ಕಾಯ್ದೆ ಅಲ್ಲ, ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಬಲೆ ಹಿಡಿದು ನಿಂತ ಒಬ್ಬ ಮನುಷ್ಯ.

ಫೋಟೋ ಅಳಿಸಿಲ್ಲ. ಯಾರಿಗೂ ತೋರಿಸಿಯೂ ಇಲ್ಲ.

ಮೂರನೇ ದಿನ, ಶನಿವಾರ

ಐದೂವರೆಗೆ ಎದ್ದೆವು. ಈ ಸಲ ಕ್ಯಾಮೆರಾ ರಾತ್ರಿಯೆಲ್ಲ ಕಾರಿನಲ್ಲಿತ್ತು, ಮಂಜಿಲ್ಲ. ಯಜಮಾನರ ಅಂಗಳದ ಮಾವಿನ ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಟ್ರೈಪಾಡ್ ನಿಲ್ಲಿಸಿದೆ. ಭಾವ ಜಗಲಿಯಲ್ಲಿ ಕೂತ. ಯಜಮಾನರ ತಾಯಿ, ಎಪ್ಪತ್ತೈದರ ಮೇಲಿನವರು, ಒಣಮೀನು ಬಿಸಿಲಿಗೆ ಹರಡುತ್ತಾ ಭಾವನನ್ನು ವಿಚಾರಿಸಿದರು.

"ತಮಾ, ನೀವು ಬಾಮಣ್ರಲ್ಲಾ? ಮೀನು ತಿಂಬೂದಿಲ್ಲ, ಹೌದಾ?"

"ಹೌದು ಅಮ್ಮಾ."

"ಹಂಗಾರೆ ಮೀನು ತಿಂಬೂ ಹಕ್ಕಿ ನೋಡೂಕೆ ಯಾಕೆ ಬಂದ್ರಿ?"

ಭಾವ ನನ್ನ ಕಡೆ ಬೆರಳು ತೋರಿಸಿದ.

ಇನ್ನೂರೈವತ್ತು ಮೀಟರ್ ದೂರದಿಂದ ಮರಿ ಬೇರೆಯೇ ಹಕ್ಕಿ. ನಿನ್ನೆ ಕಲ್ಲಿನಂತೆ ಕೂತದ್ದು ಇವತ್ತು ಒಂದು ಕ್ಷಣ ಸುಮ್ಮನಿಲ್ಲ. ಗೂಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ, ಕಟ್ಟಿಗೆಯೊಂದನ್ನು ಕಚ್ಚಿ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಹಸಿ ಎಲೆಯ ಟೊಂಗೆಯೊಂದು ಗೂಡಿನಲ್ಲಿತ್ತು, ದೊಡ್ಡವು ತಂದು ಹಾಸುತ್ತವೆ, ಅದನ್ನು ಕಾಲಿನಲ್ಲಿ ಹಿಡಿದು ಬೇಟೆಯಂತೆ ಹಿಸುಕಿತು. ಬೆನ್ನಿನ ಗರಿ ಕೆರೆದುಕೊಳ್ಳುವಾಗ ಜೋಲಿ ತಪ್ಪಿ ಮುಗ್ಗರಿಸಿತು. ಆಮೇಲೆ ಯಾರಾದರೂ ನೋಡಿದರೋ ಅನ್ನುವಂತೆ ಆಚೀಚೆ ನೋಡಿತು. ಹಾಗೆ ಅನ್ನಿಸಿದ್ದು ನನಗೆ, ಹಕ್ಕಿಗೆ ಅದೆಲ್ಲ ಇರುವುದಿಲ್ಲ ಅಂತ ಗೊತ್ತು.

ಏಳೂಕಾಲಿಗೆ ದೊಡ್ಡದು ಬಂತು. ಅಂಗಳದಲ್ಲಿ ನಾವು ನಾಲ್ಕು ಜನ, ಒಂದು ನಾಯಿ, ಕೋಳಿಗಳು. ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಮನೆ, ಆ ಅಂಗಳ ಅದು ದಿನಾ ನೋಡುವಂಥದ್ದು. ಕಾಲಿನಲ್ಲಿ ಏನೋ ಉದ್ದಕ್ಕೆ ಜೋತಾಡುತ್ತಿತ್ತು. ಬಿಳಿ ಹಕ್ಕಿ, ಬಿಸಿಲು ನೇರ, ಆ ಒಂದು ಸ್ಟಾಪ್ ಏರಿಸಿಟ್ಟದ್ದು ಹಾಗೇ ಇದ್ದರೆ ಹೊಟ್ಟೆಯ ಬಿಳಿಯಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ, ಹೆಬ್ಬೆರಳಿನಲ್ಲಿ ಚಕ್ರ ತಿರುಗಿಸಿ ಸೊನ್ನೆಯಿಂದಲೂ ಕೆಳಗಿಳಿಸಿದೆ. ಶಟರ್ 1/2000 ಸೆಕೆಂಡಿಗಿಟ್ಟು ಏಳೆಂಟು ಫ್ರೇಮ್. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಹಾವು. ಬಾಲದ ತುದಿ ದೋಣಿಯ ಹುಟ್ಟಿನಂತೆ ಚಪ್ಪಟೆ. ಕಡಲ ಹಾವು!

ಈ ಹದ್ದಿಗೆ ಕಡಲ ಹಾವು ಅಂದರೆ ಮೀನಿನಷ್ಟೇ ಇಷ್ಟ. ಹಾವು ನೀರಿನಲ್ಲೇ ಬದುಕಿದರೂ ಉಸಿರಿಗೆ ಮೇಲೆ ಬರಲೇಬೇಕು. ಬಂದ ಹೊತ್ತಿಗೆ ಇದು ನೀರಿನ ಮೇಲ್ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಯಜಮಾನರ ಪ್ರಕಾರ ಬಲೆಗೆ ಬಿದ್ದ ಹಾವನ್ನು ಅವರು ದಂಡೆಗೆ ಎಸೆದರೂ ಒಯ್ಯುತ್ತದಂತೆ. "ನಮಗೆ ಅದು ವಿಷ, ಅದಕ್ಕೆ ಬಾಂಗ್ಡೆ," ಅಂದರು.

ಹಾವು ಗೂಡಿಗೆ ಬಿದ್ದದ್ದೇ ತಡ ಮರಿ ಅದರ ಮೇಲೆ ರೆಕ್ಕೆ ಎರಡನ್ನೂ ಛತ್ರಿಯಂತೆ ಇಳಿಬಿಟ್ಟು ಮುಚ್ಚಿಕೊಂಡಿತು. ಕದಿಯುವವರು ಯಾರೂ ಇಲ್ಲ, ತಂದುಕೊಟ್ಟದ್ದೂ ಹೋಯಿತು, ಆದರೂ ಮುಚ್ಚಿಕೊಂಡೇ ಇತ್ತು. ಹರಿದು ತಿನ್ನಲು ಅರ್ಧ ಗಂಟೆ. ಕಾಲಡಿಯಲ್ಲಿ ಒಂದು ತುದಿ ಒತ್ತಿ ಹಿಡಿದು ಕೊಕ್ಕಿನಲ್ಲಿ ಎಳೆದರೆ ಹಾವು ಜಾರಿ ಮುಖಕ್ಕೇ ಬಡಿಯುತ್ತಿತ್ತು. ಭಾವ ಬೈನಾಕ್ಯುಲರ್ ಕಿತ್ತುಕೊಂಡವನು ವಾಪಸ್ ಕೊಡಲೇ ಇಲ್ಲ. "ಮೊದ್ಲು ತಲೆ ಕಡೆಯಿಂದ ಶುರು ಮಾಡಕಾಗಿತ್ತು," ಅಂತ ಮರಿಗೆ ಸಲಹೆ ಬೇರೆ.

ಒಂಬತ್ತೂವರೆಗೆ ಫೋಟೋ ಮುಗಿಯಿತು ಅಂದುಕೊಂಡೆ. ಮರಳು ಕಾದು ಗಾಳಿ ಕುದಿಯತೊಡಗಿದರೆ ಇನ್ನೂರೈವತ್ತು ಮೀಟರ್ ದೂರದ್ದು ಏನು ತೆಗೆದರೂ ನೀರೊಳಗಿಂದ ತೆಗೆದ ಹಾಗೆ. ಎಷ್ಟು ದುಬಾರಿ ಲೆನ್ಸಾದರೂ ಅಷ್ಟೇ. ಕ್ಯಾಮೆರಾ ಆಫ್ ಮಾಡಿ ಎಳನೀರು ಕುಡಿದೆವು. ನೋಡಬೇಕಾದ್ದು ಬಂದದ್ದು ಅದಾದ ಮೇಲೆ.

ಹನ್ನೊಂದರ ಹೊತ್ತಿಗೆ ಸಮುದ್ರದಿಂದ ಗಾಳಿ ಎದ್ದಿತು. ತೆಂಗಿನ ಗರಿ ಒಮ್ಮೆಲೇ ಸದ್ದು ಮಾಡತೊಡಗಿದವು. ಗೂಡಿನಲ್ಲಿ ಮರಿ ಎದ್ದು ನಿಂತು ಗಾಳಿಗೆ ಮುಖ ಮಾಡಿ ರೆಕ್ಕೆ ಬಿಚ್ಚಿತು. ಬಡಿಯಲಿಲ್ಲ, ಸುಮ್ನೆ ಬಿಚ್ಚಿ ನಿಂತಿತು. ಕಾಲು ಗೂಡಿನಿಂದ ಎದ್ದಿತು. ಒಂದು ಮೊಳ ಮೇಲೆ, ಅಲ್ಲೇ, ಗಾಳಿಯಲ್ಲಿ ನಿಂತ ಹಾಗೆ. ಕಾಲು ಎರಡೂ ಕೆಳಗೆ ಜೋತಾಡುತ್ತಾ ಗೂಡನ್ನು ಹುಡುಕುತ್ತಿದ್ದವು, ಮಗುವನ್ನು ಎತ್ತಿದಾಗ ಕಾಲು ಆಡಿಸುತ್ತದಲ್ಲ, ಹಾಗೆ. ಇಳಿಯಿತು. ಮತ್ತೆ ಎದ್ದಿತು. ನಾಲ್ಕನೇ ಸಲವೋ ಐದನೇ ಸಲವೋ ಗಾಳಿ ಜೋರಾಗಿ ಪಕ್ಕಕ್ಕೆ ತಳ್ಳಿ ಎರಡು ಮಾರು ಆಚೆಯ ಟೊಂಗೆಗೆ ಒಯ್ದು ಹಾಕಿತು. ಟೊಂಗೆ ಹಿಡಿಯಿತು, ಆದರೆ ಮೈ ನಿಲ್ಲಲಿಲ್ಲ, ಮುಂದಕ್ಕೆ ವಾಲಿ, ವಾಲಿ, ಬಾವಲಿಯಂತೆ ತಲೆಕೆಳಗಾಗಿ ನೇತಾಡಿತು. ಅಮ್ಮ ಒಣಮೀನು ಬಿಟ್ಟು ಎದ್ದು ನಿಂತು "ಅಯ್ಯೋ ಅಯ್ಯೋ" ಅಂದರು. ಮೂರು ಸಲ ರೆಕ್ಕೆ ಬಡಿದು ಅದೇ ಮೇಲೆ ಬಂತು. ಟೊಂಗೆಯ ಮೇಲೆ ಕೂತು ಹತ್ತು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ನಡೆದುಕೊಂಡು ಗೂಡಿಗೆ ವಾಪಸ್. ಹಾರಲಿಲ್ಲ. ನಡೆದುಕೊಂಡು.

ಫೋಟೋ? ತೆಗೆದೆ. ಬಿಸಿ ಗಾಳಿಯಲ್ಲಿ ಅಂಚೆಲ್ಲ ಕಲಸಿ ಹೋಗಿದೆ, ಹಕ್ಕಿ ಅಂತ ಹೇಳಿದರೆ ಗೊತ್ತಾಗುತ್ತದೆ. ತಲೆಕೆಳಗಾದ ಫ್ರೇಮಿನಲ್ಲಿ ಅದರ ಬಾಲದ ತುದಿಯ ಕಪ್ಪು ಪಟ್ಟೆ ಮಾತ್ರ ಸ್ಪಷ್ಟ.

ಊಟಕ್ಕೆ ಅಲ್ಲೇ ನಿಲ್ಲಿಸಿಕೊಂಡರು. ನಮಗೋಸ್ಕರ ಬೇರೆ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಭಾವ ಮೂರು ಸಲ ಹಾಕಿಸಿಕೊಂಡ.

ನಾಲ್ಕನೇ ದಿನ, ಭಾನುವಾರ

ಹೊರಡುವ ದಿನ. ಬೆಳಿಗ್ಗೆ ಎರಡು ಗಂಟೆ ಕಾಳಿ ನದಿ ಸಮುದ್ರ ಸೇರುವಲ್ಲಿ ದೋಣಿ. ಕೋಡಿಬಾಗದಿಂದ ಹತ್ತಿದೆವು. ಎದುರಿಗೆ ಸದಾಶಿವಗಡದ ಗುಡ್ಡ, ತಲೆ ಮೇಲೆ ಹೆದ್ದಾರಿ ಸೇತುವೆ. 2024ರ ಆಗಸ್ಟಿನಲ್ಲಿ ರಾತ್ರೋರಾತ್ರಿ ಕುಸಿದದ್ದು ಇದರ ಪಕ್ಕದ ಹಳೆಯ ಸೇತುವೆ. ದೋಣಿಯವರು ಆ ರಾತ್ರಿ ಲಾರಿ ನೀರಿಗೆ ಬಿದ್ದ ಕತೆ ಹೇಳುತ್ತಲೇ ಹುಟ್ಟು ಹಾಕಿದರು.

ಇಳಿತದ ಹೊತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರೆಲ್ಲ ಮೇಲೆ ಬಂದಿತ್ತು. ಮೊದಲು ಸಿಕ್ಕಿದ್ದು ಮೀನು ಡೇಗೆ, ಬಲೆ ಕಟ್ಟುವ ಗೂಟದ ಮೇಲೆ. ಇದು ಇಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ, ಚಳಿಗಾಲಕ್ಕೆ ಬಂದು ಹೋಗುವ ನೆಂಟ, ಇನ್ನು ಕೆಲವೇ ದಿನಕ್ಕೆ ಉತ್ತರಕ್ಕೆ ಹೊರಡುತ್ತದೆ. ನಾವು ನೋಡುತ್ತಿದ್ದಂತೆ ಎದ್ದು, ಗಾಳಿಯಲ್ಲಿ ಒಂದು ಕಡೆ ನಿಂತು ರೆಕ್ಕೆ ಬಡಿದು, ಕಾಲು ಮುಂದೆ ಮಾಡಿ ಧಡ್ ಅಂತ ಬಿದ್ದಿತು. ಪೂರ್ತಿ ಮುಳುಗಿತು. ಎದ್ದಾಗ ಕಾಲಿನಲ್ಲಿ ಮೀನು, ಅದರ ತಲೆ ಮುಂದಕ್ಕೆ ತಿರುಗಿಸಿ ಹಿಡಿದು ನಾಯಿ ಮೈ ಕೊಡವಿದಂತೆ ನೀರು ಕೊಡವಿ ಹೋಯಿತು. ಕೆಲಸ ಬಲ್ಲವರ ಕೆಲಸ.

ಅದರ ಹಿಂದೆ ಎಲ್ಲಿಂದಲೋ ಒಂದು ಕಡಲ ಹದ್ದು ಬಂತು. ಮರಿಯೂ ಅಲ್ಲ, ದೊಡ್ಡದೂ ಅಲ್ಲ. ತಲೆ ಬೆಳ್ಳಗಾಗಲು ಶುರುವಾಗಿದೆ, ರೆಕ್ಕೆ ಇನ್ನೂ ಕಂದು, ಹೊಟ್ಟೆ ತೇಪೆ ಹಾಕಿದ ಹಾಗೆ. ಎರಡೋ ಮೂರೋ ವರ್ಷದ್ದಿರಬೇಕು. ಡೇಗೆಯ ಮೀನು ಕಿತ್ತುಕೊಳ್ಳಲು ಬೆನ್ನು ಹತ್ತಿತು. ಇವು ಕಿತ್ತು ತಿನ್ನುವುದರಲ್ಲಿ ಗಟ್ಟಿಗರು. ಆದರೆ ಇದಿನ್ನೂ ಕಲಿಯುತ್ತಿತ್ತು, ಡೇಗೆ ಎರಡು ಸಲ ಪಕ್ಕಕ್ಕೆ ತಿರುಗಿದ್ದಕ್ಕೇ ದಾರಿ ತಪ್ಪಿ ಸೇತುವೆಯ ಆಚೆ ಹೋಗಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ವಾಪಸ್ ಬಂತು. ದೋಣಿಯವರು ಮೋಟಾರು ಹಚ್ಚಲು ಹೊರಟಿದ್ದರು, ನಾನೇ ಬೇಡ ಅಂದೆ. ಹುಟ್ಟು ಎತ್ತಿ ಇಟ್ಟು ಸುಮ್ಮನೆ ಕೂತೆವು, ಇಳಿತದ ನೀರು ದೋಣಿಯನ್ನು ತಾನೇ ಒಯ್ಯುತ್ತಿತ್ತು. ನದಿಯ ನಡುವೆ ಒಂದು ತೆಂಗಿನ ಸಿಪ್ಪೆ ತೇಲಿ ಬರುತ್ತಿತ್ತು. ಹದ್ದು ಇಳಿದು, ನೀರಿನ ಮೇಲೆ ಕಾಲಿನಲ್ಲಿ ಗೆರೆ ಎಳೆದು, ಸಿಪ್ಪೆ ಎತ್ತಿಕೊಂಡು ಮೇಲೆ ಹೋಯಿತು. ಮೇಲಿನಿಂದ ಬಿಟ್ಟಿತು. ಮತ್ತೆ ಇಳಿದು ಎತ್ತಿತು. ಮತ್ತೆ ಬಿಟ್ಟಿತು. ಮೂರನೇ ಸಲ ಸಿಪ್ಪೆ ನಮ್ಮ ದೋಣಿಯಿಂದ ಇಪ್ಪತ್ತು ಮಾರು ದೂರದಲ್ಲಿತ್ತು, ನಾವಿದ್ದೇವೆ ಅಂತ ಅದಕ್ಕೆ ಗೊತ್ತಿತ್ತು, ಗೊತ್ತಿದ್ದೂ ತಾನಾಗಿಯೇ ಬಂತು. ಫ್ರೇಮ್ ತುಂಬಾ ಹಕ್ಕಿ. ಅಷ್ಟು ಹತ್ತಿರ ಬಂದೀತು ಅಂತ ಯಾರಿಗೆ ಗೊತ್ತು, ಝೂಮ್ 500ರಲ್ಲೇ ಇತ್ತು. ಆ ಸಲದ ಫೋಟೋಗಳಲ್ಲಿ ಒಂದರಲ್ಲಿ ರೆಕ್ಕೆಯ ತುದಿ ಇಲ್ಲ, ಒಂದರಲ್ಲಿ ತಲೆ ಇಲ್ಲ, ಒಂದರಲ್ಲಿ ಸಿಪ್ಪೆ ಮಾತ್ರ ಇದೆ, ಬಹಳ ಚೆನ್ನಾಗಿ ಫೋಕಸ್ ಆಗಿ.

ಮಧ್ಯಾಹ್ನ ಹೊರಟು ಅರಬೈಲ್ ಘಟ್ಟ ಹತ್ತಿ ಕತ್ತಲಾಗುವ ಮೊದಲು ಮನೆ. ಅಪ್ಪಯ್ಯ ಚಾಲಿ ತೂಕದಲ್ಲಿ ಮೂರು ಕೆಜಿ ಕಡಿಮೆ ಬಂತು ಅಂತ ತಲೆ ಕೆಡಿಸಿಕೊಂಡು ಕೂತಿದ್ದರು. ರಾತ್ರಿ ಬೀನ್‌ಬ್ಯಾಗ್ ಖಾಲಿ ಮಾಡಿ ರಾಶಿಗೆ ಸೇರಿಸಿದೆ.

ಹದಿನೈದು ದಿನ ಬಿಟ್ಟು ಯಜಮಾನರ ಫೋನ್. "ಸಾರ್, ಗೂಡು ಖಾಲಿ. ಈಗ ನಮ್ಮ ಮನೆ ಎದುರಿನ ಗಾಳಿಮರದ ಮೇಲೇ ಕೂತುಕೊಳ್ತದೆ, ದಿನಾ ಬೆಳಿಗ್ಗೆ, ನಾನು ಬಲೆ ತೊಳೆಯೂ ಹೊತ್ತಿಗೆ. ಎಷ್ಟು ಹತ್ತಿರ ಅಂದ್ರೆ ಕಲ್ಲು ಹೊಡೆದ್ರೆ ತಾಗ್ತದೆ. ನೀವೇ ಇಲ್ಲ."

ಮೊಬೈಲಿನಲ್ಲಿ ತೆಗೆದ ಫೋಟೋನೂ ಕಳಿಸಿದ್ದರು. ಅರ್ಧ ಫೋಟೋ ಬಲೆ, ಕಾಲು ಭಾಗ ಆಕಾಶ, ಮರದ ತುದಿಯಲ್ಲಿ ಒಂದು ಕಂದು ಚುಕ್ಕೆ. ಭಾವನಿಗೆ ತೋರಿಸಿದೆ. ಎರಡು ಬೆರಳಿನಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದ.

"ನಿಂದಕ್ಕಿಂತ ಅಡ್ಡಿಲ್ಲೆ," ಅಂದ.